ಹಳೆಯ ಸಿ ಕೋಡು, ಹೊಸ ಜಿಸಿಸಿ: ಬಿಲ್ಡ್ ಒಡೆಯುವುದು ಎಲ್ಲಿ, ಒಡೆಯದೆಯೇ ಕೆಡುವುದು ಎಲ್ಲಿ

(ಉಪನ್ಯಾಸದ ಬರಹ ರೂಪ. ಕಂಪೈಲರ್ ಆಯ್ಕೆಗಳು, ಕೀವರ್ಡ್‌ಗಳು, ಫೈಲ್ ಹೆಸರುಗಳನ್ನು ಮಾತಿನಲ್ಲಿ ಹೇಳಿದಂತೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರೋಣ. ವರ್ಷಗಟ್ಟಲೆ ತಕರಾರಿಲ್ಲದೆ ಬಿಲ್ಡ್ ಆಗುತ್ತಿದ್ದ ಸಿ ಪ್ರಾಜೆಕ್ಟ್ ಒಂದು, ಡಿಸ್ಟ್ರೋ (ಲಿನಕ್ಸ್ ವಿತರಣೆ) ಅಪ್‌ಗ್ರೇಡ್ ಆದ ಮೇಲೆ ನೂರಾರು ಎರರ್ ಕೊಟ್ಟು ನಿಲ್ಲುತ್ತದೆ. ಕೋಡ್ ಮುಟ್ಟಿಲ್ಲ, ಮೇಕ್‌ಫೈಲ್ ಮುಟ್ಟಿಲ್ಲ. ಆಗ ಎಲ್ಲರ ಬಾಯಲ್ಲೂ ಬರುವ ಮಾತು "ಹೊಸ ಸ್ಟ್ಯಾಂಡರ್ಡ್ ಬಂತಲ್ಲ, ಸಿ23, ಅದರದ್ದೇ ಕಾಟ" ಎಂದು. ಅರ್ಧ ನಿಜ. ಇಲ್ಲಿ ಎರಡು ಬೇರೆ ಬೇರೆ ಬದಲಾವಣೆಗಳು ಒಂದೇ ವರ್ಷದ ಅಂತರದಲ್ಲಿ ಬಂದಿವೆ. ಅವುಗಳನ್ನು ಬಿಡಿಸಿ ನೋಡದಿದ್ದರೆ ಒಂದರ ಔಷಧಿಯನ್ನು ಇನ್ನೊಂದಕ್ಕೆ ಹಾಕುತ್ತಾ ಕೂರುತ್ತೇವೆ.

ಮೊದಲನೆಯದು ಜಿಸಿಸಿ ಎಂಬ ಸಿ ಕಂಪೈಲರಿನ 14ನೇ ಆವೃತ್ತಿ, 2024ರ ಮೇ ತಿಂಗಳಲ್ಲಿ ಬಂದದ್ದು. ಅದರಲ್ಲಿ ಡಿಫಾಲ್ಟ್ ಸ್ಟ್ಯಾಂಡರ್ಡ್ ಬದಲಾಗಲಿಲ್ಲ. ಜಿಸಿಸಿ 8ರಿಂದ ಇದ್ದ ಗ್ನು17 (ಸಿ17 ಮತ್ತು ಗ್ನುವಿನ ಸ್ವಂತ ವಿಸ್ತರಣೆಗಳು) ಹಾಗೇ ಉಳಿಯಿತು. ಬದಲಾದದ್ದು ಶಿಸ್ತು. ಡಿಕ್ಲೇರ್ ಮಾಡದ ಫಂಕ್ಷನ್ನನ್ನು ಕರೆಯುವುದು, ಟೈಪ್ ಬರೆಯದೆ ಬಿಟ್ಟರೆ ಇಂಟ್ ಎಂದುಕೊಳ್ಳುವುದು, ಇವೆರಡನ್ನೂ ಸಿ99 ಸ್ಟ್ಯಾಂಡರ್ಡ್ ತೆಗೆದುಹಾಕಿ ಕಾಲು ಶತಮಾನವೇ ಆಗಿತ್ತು. ಅಷ್ಟೂ ಕಾಲ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತಿತ್ತು. 14ರಲ್ಲಿ ಇವೂ, ಇಂಟ್ ಮತ್ತು ಪಾಯಿಂಟರ್ ನಡುವಿನ ಸದ್ದಿಲ್ಲದ ಪರಿವರ್ತನೆಯೂ, ಹೊಂದದ ಪಾಯಿಂಟರ್ ಟೈಪ್‌ಗಳ ಅಸೈನ್‌ಮೆಂಟೂ ಎರರ್ ಆದವು. ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್ ಇನ್ನೂ ಮೊದಲೇ, 2023ರಲ್ಲಿ ಬಂದ 16ನೇ ಆವೃತ್ತಿಯ ಹೊತ್ತಿಗೆ, ಇದರ ಬಹುಭಾಗವನ್ನು ಮಾಡಿ ಮುಗಿಸಿತ್ತು.

ಎರಡನೆಯದು ಜಿಸಿಸಿ 15, 2025ರ ಏಪ್ರಿಲ್. ಇಲ್ಲಿ ಡಿಫಾಲ್ಟೇ ಗ್ನು17ರಿಂದ ಗ್ನು23ಕ್ಕೆ ಜಿಗಿಯಿತು. ಬೂಲ್, ಟ್ರೂ, ಫಾಲ್ಸ್ ಕೀವರ್ಡ್‌ಗಳಾದವು. ಫಂಕ್ಷನ್ ಹೆಸರಿನ ಮುಂದಿನ ಖಾಲಿ ಆವರಣದ ಅರ್ಥ ಬದಲಾಯಿತು.

ಹಾಗಾಗಿ ಎರರ್ ಕಂಡ ಕೂಡಲೇ -ಎಸ್‌ಟಿಡಿ=ಗ್ನು17 ಹಾಕುವುದು ಎರಡನೇ ಗುಂಪಿಗೆ ಮಾತ್ರ ಮದ್ದು. "ಇಂಪ್ಲಿಸಿಟ್ ಡಿಕ್ಲರೇಶನ್ ಆಫ್ ಫಂಕ್ಷನ್" ಎಂಬ ಎರರ್ ಅದರಿಂದ ಹೋಗುವುದಿಲ್ಲ. ಗ್ನು17ರಲ್ಲೂ ಅದು ತಪ್ಪೇ. ಅದಕ್ಕೆ ತಾತ್ಕಾಲಿಕವಾಗಿ -ಎಫ್‌ಪರ್ಮಿಸಿವ್ ಇದೆ, ಹಳೆಯ ಎರರ್‌ಗಳನ್ನು ಮತ್ತೆ ವಾರ್ನಿಂಗ್‌ಗೆ ಇಳಿಸುತ್ತದೆ. -ಎಸ್‌ಟಿಡಿ=ಗ್ನು89 ಹಾಕಿದರೂ ಇಳಿಯುತ್ತದೆ, ಆದರೆ ಅದರಲ್ಲಿ ಇನ್‌ಲೈನ್ ಫಂಕ್ಷನ್‌ಗಳ ನಿಯಮ ಸಿ99ರದ್ದಕ್ಕಿಂತ ಬೇರೆ. ಸಿ99 ಬಂದ ಮೇಲೆ ಬರೆದ ಕೋಡಿಗೆ ಅದನ್ನು ಹಾಕಿ ಲಿಂಕರ್ ಎರರ್ ತಂದುಕೊಳ್ಳಬೇಡಿ.

ನಿಮ್ಮ ಕಂಪೈಲರ್ ಯಾವ ಮೋಡಿನಲ್ಲಿದೆ ಎಂದು ಊಹಿಸುವ ಅಗತ್ಯವಿಲ್ಲ. ಜಿಸಿಸಿಗೆ -ಡಿಎಂ -ಇ ಕೊಟ್ಟು ಖಾಲಿ ಇನ್‌ಪುಟ್ ಹಾಯಿಸಿ, ಹೊರಬಂದ ಮ್ಯಾಕ್ರೋಗಳಲ್ಲಿ ಎಸ್‌ಟಿಡಿಸಿ ವರ್ಶನ್ ಎಂಬುದನ್ನು ಗ್ರೆಪ್ ಮಾಡಿ, ಅಂದರೆ ಹುಡುಕಿ. 201710 ಎಂದರೆ ಸಿ17, 202311 ಎಂದರೆ ಸಿ23. ಐದು ಸೆಕೆಂಡಿನ ಕೆಲಸ. ಇದನ್ನು ಮಾಡದೆ ಎರಡು ದಿನ ಚರ್ಚೆ ಮಾಡುವವರೂ ಇದ್ದಾರೆ.

ಕೂಗುವ ಎರರ್‌ಗಳು ಮೇಲು

ಜಿಸಿಸಿ 14 ಯಾಕೆ ಇಷ್ಟು ಕಟ್ಟುನಿಟ್ಟಾಯಿತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಎಸ್‌ಟಿಆರ್‌ಕೇಸ್‌ಎಸ್‌ಟಿಆರ್ ಎಂಬ ಫಂಕ್ಷನ್ ಇದೆ, ಅಕ್ಷರ ದೊಡ್ಡದೋ ಚಿಕ್ಕದೋ ಎನ್ನದೆ ಸ್ಟ್ರಿಂಗ್ ಒಳಗೆ ಸ್ಟ್ರಿಂಗ್ ಹುಡುಕುವುದು. ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಗ್ನು ಸೋರ್ಸ್ ಮ್ಯಾಕ್ರೋ ಡಿಫೈನ್ ಮಾಡಿದರೆ ಮಾತ್ರ ಸ್ಟ್ರಿಂಗ್ ಹೆಡರ್ ಅದನ್ನು ಡಿಕ್ಲೇರ್ ಮಾಡುತ್ತದೆ. ಮ್ಯಾಕ್ರೋ ಮರೆತರೆ ಹಳೆಯ ಕಂಪೈಲರ್ "ಇದು ಇಂಟ್ ಹಿಂದಿರುಗಿಸುತ್ತದೆ" ಎಂದುಕೊಳ್ಳುತ್ತಿತ್ತು. ನಿಜದಲ್ಲಿ ಬರುವುದು 64 ಬಿಟ್ ಪಾಯಿಂಟರ್. ಕೆಳಗಿನ 32 ಬಿಟ್ ಉಳಿಸಿಕೊಂಡು, ಸೈನ್ ಬಿಟ್ ಹಿಗ್ಗಿಸಿ, ಮೇಲಿನ ಅರ್ಧವನ್ನು ಕಂಪೈಲರ್ ಬಿಸಾಡುತ್ತದೆ. ಆಮೇಲೆ ಆ ವಿಳಾಸಕ್ಕೆ ಕೈ ಹಾಕಿದರೆ ಸೆಗ್‌ಫಾಲ್ಟ್, ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಹಿಂದೆ ಇದು ಹೇಗೆ ನಡೆಯುತ್ತಿತ್ತು ಎಂದರೆ, ಎಕ್ಸಿಕ್ಯೂಟಬಲ್ ಮೆಮೊರಿಯ ಕೆಳಭಾಗದಲ್ಲೇ ಲೋಡ್ ಆಗುತ್ತಿದ್ದಾಗ ಹೀಪಿನ ವಿಳಾಸಗಳೂ ಹಲವು ಸಲ ಚಿಕ್ಕವಿರುತ್ತಿದ್ದವು. ಮೇಲಿನ ಅರ್ಧ ಸೊನ್ನೆಯೇ ಆಗಿರುತ್ತಿತ್ತು. ಪೊಸಿಶನ್ ಇಂಡಿಪೆಂಡೆಂಟ್ ಎಕ್ಸಿಕ್ಯೂಟಬಲ್ (ಮೆಮೊರಿಯ ಯಾವ ವಿಳಾಸದಲ್ಲಾದರೂ ಲೋಡ್ ಆಗಬಲ್ಲದ್ದು) ಡಿಫಾಲ್ಟ್ ಆದ ಮೇಲೆ ಆ ಅದೃಷ್ಟ ಕೈಕೊಟ್ಟಿತು. ಸಮಯ ಓದುವ ಎಸ್‌ಟಿಆರ್‌ಪಿಟೈಮ್‌ನದೂ ಇದೇ ಕಥೆ.

ಇಂಥ ಕಡೆ ಸರಿಯಾದ ರಿಪೇರಿ ಎಂದರೆ ಬೇಕಾದ ಹೆಡರ್ ಸೇರಿಸುವುದು, ಬೇಕಾದ ಮ್ಯಾಕ್ರೋವನ್ನು ಎಲ್ಲಾ ಹೆಡರ್‌ಗಳಿಗಿಂತ ಮೇಲೆ, ಫೈಲಿನ ಮೊದಲ ಸಾಲಿನಲ್ಲೇ ಇಡುವುದು. ನಾವೇ ಒಂದು ಡಿಕ್ಲರೇಶನ್ ಬರೆದು ಎರರ್ ಬಾಯಿ ಮುಚ್ಚಿಸುವುದು ರಿಪೇರಿ ಅಲ್ಲ. ಇನ್ನೊಂದು ಸಾಮಾನ್ಯ ಎಡವಟ್ಟು: ಗ್ನು17 ಬದಲು ಸಿ17 ಎಂದು ಬರೆಯುವುದು. ಕಟ್ಟಾ ಸಿ17 ಮೋಡಿನಲ್ಲಿ ಪಾಸಿಕ್ಸ್ (ಯುನಿಕ್ಸ್ ಮಾದರಿಯ ಸಿಸ್ಟಂಗಳ ಸ್ಟ್ಯಾಂಡರ್ಡ್) ಫಂಕ್ಷನ್‌ಗಳು ಹೆಡರಿನಲ್ಲಿ ಅಡಗಿಕೊಳ್ಳುತ್ತವೆ. ಎಸ್‌ಟಿಆರ್‌ಡಪ್, ಪಿಓಪನ್, ಫೈಲ್‌ನೋ ಎಲ್ಲಾ "ಡಿಕ್ಲೇರ್ ಆಗಿಲ್ಲ" ಎನ್ನುತ್ತವೆ. ಇದ್ದ ಐವತ್ತು ಎರರ್ ನೂರೈವತ್ತಾಗುತ್ತದೆ.

ಪಾಯಿಂಟರ್ ಎರರ್‌ಗಳಲ್ಲಿ ನಿಜವಾದ ಬಗ್‌ಗಳೇ ಹೆಚ್ಚು ಸಿಗುತ್ತವೆ. ಗೆಟ್‌ಸಾಕ್‌ನೇಮ್‌ಗೆ ಉದ್ದದ ವೇರಿಯಬಲ್ ಕೊಡುವಾಗ ಅದನ್ನು ಸೈಜ್‌ಟಿ ಎಂದು ಬರೆದಿರುತ್ತಾರೆ, ಬೇಕಿರುವುದು ಸಾಕ್‌ಲೆನ್‌ಟಿ. 64 ಬಿಟ್ ಲಿನಕ್ಸಿನಲ್ಲಿ ಮೊದಲನೆಯದು 8 ಬೈಟ್, ಎರಡನೆಯದು 4. ಲಿಟಲ್ ಎಂಡಿಯನ್ ಯಂತ್ರದಲ್ಲಿ (ಸಂಖ್ಯೆಯ ಕೆಳಭಾಗದ ಬೈಟ್ ಮೊದಲು ಬರುವಲ್ಲಿ) ವೇರಿಯಬಲ್‌ಗೆ ಮೊದಲೇ ಚಿಕ್ಕ ಬೆಲೆ ಕೊಟ್ಟಿದ್ದರೆ ನಡೆದುಹೋಗುತ್ತದೆ; ಬಿಗ್ ಎಂಡಿಯನ್‌ನಲ್ಲಿ ಕರ್ನಲ್ ಓದುವ 4 ಬೈಟ್ ಮೇಲಿನ ಅರ್ಧ, ಅಂದರೆ ಸೊನ್ನೆ. ಇಲ್ಲಿ ಕಾಸ್ಟ್ (ಬಲವಂತದ ಟೈಪ್ ಬದಲಾವಣೆ) ಹಾಕಿ ಎರರ್ ಓಡಿಸಿದರೆ ಬಗ್ ಅಲ್ಲೇ ಉಳಿಯುತ್ತದೆ, ಕಂಪೈಲರ್ ಮಾತ್ರ ಸುಮ್ಮನಾಗುತ್ತದೆ. ವೇರಿಯಬಲ್ಲಿನ ಟೈಪನ್ನೇ ಬದಲಿಸಿ.

ಕಾನ್ಫಿಗರ್ ಎಂಬ ಮೌನಿ

ಇವತ್ತು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ ಇದು. ಎರರ್ ಕಣ್ಣಿಗೆ ಬೀಳುತ್ತದೆ, ಸರಿಮಾಡುತ್ತೇವೆ. ಬಿಲ್ಡಿಗೆ ಮುನ್ನ ಸಿಸ್ಟಮ್ಮಿನಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಒಳಗೆ ಆಗುವ ಎರರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾನ್ಫಿಗರ್ ಕೆಲಸ ಮಾಡುವ ರೀತಿ ನಿಮಗೆ ಗೊತ್ತು. ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ "ಯೆಸ್", ಆಗದಿದ್ದರೆ "ನೋ". ಹಳೆಯ ಪ್ರಾಜೆಕ್ಟ್‌ಗಳಲ್ಲಿ ಕೈಯಾರೆ ಬರೆದ ಪರೀಕ್ಷೆಗಳು ಹೇಗಿರುತ್ತವೆ? ಮೇನ್ ಮುಂದೆ ಇಂಟ್ ಇಲ್ಲ. ಯಾವ ಹೆಡರೂ ಇಲ್ಲ. ಕೊನೆಯಲ್ಲಿ ಎಕ್ಸಿಟ್ ಕರೆ. ಪರೀಕ್ಷೆಯ ಉದ್ದೇಶ ಎಸ್‌ಎನ್‌ಪ್ರಿಂಟ್‌ಎಫ್ ಸರಿಯಾದ ಉದ್ದ ಹಿಂದಿರುಗಿಸುತ್ತದೆಯೇ ಎಂದು ನೋಡುವುದು. ಜಿಸಿಸಿ 13ರಲ್ಲಿ ಬರೀ ವಾರ್ನಿಂಗ್ ಬಂದು ಪರೀಕ್ಷೆ ಪಾಸ್. ಜಿಸಿಸಿ 14ರಲ್ಲಿ ಅದೇ ಪ್ರೋಗ್ರಾಂ ಮೊದಲ ಸಾಲಿನಲ್ಲೇ ಎರರ್. ಎಸ್‌ಎನ್‌ಪ್ರಿಂಟ್‌ಎಫ್ ಚೆನ್ನಾಗಿಯೇ ಇದೆ, ಪರೀಕ್ಷೆ ಬರೆದ ರೀತಿ ಸರಿಯಿಲ್ಲ. ಆದರೆ ಕಾನ್ಫಿಗರ್ ಅದನ್ನು ತಿಳಿಯದು. "ನೋ" ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಪೂರ್ತಿ ಯಶಸ್ವಿ. ಬೈನರಿಯೊಳಗೆ ಮಾತ್ರ ಸಿಸ್ಟಮ್ಮಿನ ಫಂಕ್ಷನ್ ಬದಲು ಪ್ರಾಜೆಕ್ಟ್ ಜೊತೆ ಬಂದ ಹಳೆಯ ಬದಲಿ ಕೋಡ್ ಸೇರಿರುತ್ತದೆ. ಇದೇ ರೀತಿ ಐಪಿವಿ6 ಮಾಯವಾಗಬಹುದು, 2 ಜಿಬಿಗಿಂತ ದೊಡ್ಡ ಫೈಲ್‌ಗಳ ಬೆಂಬಲ ಮಾಯವಾಗಬಹುದು. ಟೆಸ್ಟ್ ಸೂಟ್ ಕೂಡ ಹಲವು ಸಲ ಇದನ್ನು ಹಿಡಿಯದು, ಯಾಕೆಂದರೆ ಇಲ್ಲದ ಸೌಲಭ್ಯದ ಟೆಸ್ಟನ್ನು ಅದು ತಾನಾಗಿ ಬಿಟ್ಟುಬಿಡುತ್ತದೆ.

ಹಿಡಿಯುವ ದಾರಿ ಸರಳ. ಒಂದೇ ಸೋರ್ಸನ್ನು ಎರಡು ಬೇರೆ ಡೈರೆಕ್ಟರಿಗಳಲ್ಲಿ, ಒಂದರಲ್ಲಿ ಹಳೆಯ ಜಿಸಿಸಿ, ಇನ್ನೊಂದರಲ್ಲಿ ಹೊಸ ಜಿಸಿಸಿ ಕೊಟ್ಟು ಕಾನ್ಫಿಗರ್ ಮಾಡಿ. ಎರಡೂ ಕಡೆ ಹುಟ್ಟಿದ ಕಾನ್ಫಿಗ್ ಡಾಟ್ ಎಚ್ ಫೈಲ್‌ಗಳನ್ನು ಡಿಫ್ ಮಾಡಿ. ಸಿಸ್ಟಂ ಒಂದೇ ಆಗಿರಲಿ. ಜಿಲಿಬ್‌ಸಿ ಬೇರೆಯಾದರೆ ಡಿಫ್‌ನಲ್ಲಿ ಬೇರೆ ಕಸವೂ ಸೇರುತ್ತದೆ. ಒಂದು ಸಾಲು ವ್ಯತ್ಯಾಸ ಬಂದರೂ ಆ ಹೆಸರನ್ನು ಹಿಡಿದು ಕಾನ್ಫಿಗ್ ಡಾಟ್ ಲಾಗ್ ತೆರೆಯಿರಿ, ಅಲ್ಲಿ ಪರೀಕ್ಷೆಯ ಪೂರ್ಣ ಕೋಡ್ ಮತ್ತು ಎರರ್ ಎರಡೂ ಇರುತ್ತವೆ. ಲಾಗಿನಲ್ಲಿ ನೇರವಾಗಿ ಎರರ್ ಹುಡುಕುತ್ತಾ ಹೊರಟರೆ ಸೋಲುತ್ತೀರಿ, ಏಕೆಂದರೆ ಅದರಲ್ಲಿ ನ್ಯಾಯವಾಗಿಯೇ ಫೇಲ್ ಆಗಬೇಕಾದ ಪರೀಕ್ಷೆಗಳೂ ಹತ್ತಾರು. ಸಿಮೇಕ್ ಎಂಬ ಇನ್ನೊಂದು ಬಿಲ್ಡ್ ವ್ಯವಸ್ಥೆ ಬಳಸುವವರು ತಾವು ಸುರಕ್ಷಿತ ಎಂದುಕೊಳ್ಳಬೇಡಿ; ಸೋರ್ಸ್ ತುಣುಕು ಕಂಪೈಲ್ ಆಗುತ್ತದೆಯೇ ಎಂದು ನೋಡುವ ಪರೀಕ್ಷೆಗಳು ಅಲ್ಲೂ ಇವೆ. 3.26ರಿಂದ ಅವುಗಳ ಲಾಗು ಸಿಮೇಕ್‌ಕಾನ್ಫಿಗರ್‌ಲಾಗ್ ಎಂಬ ಯಾಮ್ಲ್ ಫೈಲಿನಲ್ಲಿ ಸಿಗುತ್ತದೆ.

ರಿಪೇರಿಗೆ ಕಾನ್ಫಿಗರ್ ಸ್ಕ್ರಿಪ್ಟಿನ ಮೂಲವಾದ ಕಾನ್ಫಿಗರ್ ಡಾಟ್ ಎಸಿ ತಿದ್ದಿ ಆಟೋರೀಕಾನ್ಫ್ -ಎಫ್‌ಐ ಓಡಿಸಿ. ಆ ಸ್ಕ್ರಿಪ್ಟ್ ಹುಟ್ಟಿಸುವ ಆಟೋಕಾನ್ಫ್‌ನ ಹೊಸ ಆವೃತ್ತಿ ತನ್ನದೇ ಮ್ಯಾಕ್ರೋಗಳನ್ನು ಸರಿಮಾಡಿಕೊಂಡಿದೆ, ನಿಮ್ಮ ಪ್ರಾಜೆಕ್ಟಿನವರು ಬರೆದದ್ದನ್ನು ಅದು ತಿದ್ದುವುದಿಲ್ಲ. ಇಲ್ಲಿ ಎರಡು ಎಚ್ಚರಿಕೆ. -ಎಫ್‌ಪರ್ಮಿಸಿವ್ ಹಾಕುವುದಾದರೆ ಕಾನ್ಫಿಗರ್ ಹೊತ್ತಿನಲ್ಲೇ ಹಾಕಿ, ಬರೀ ಮೇಕ್ ಹೊತ್ತಿನಲ್ಲಿ ಹಾಕಿದರೆ ಪರೀಕ್ಷೆಗಳು ಅಷ್ಟರಲ್ಲಿ ಸೋತಿರುತ್ತವೆ. ವಾರ್ನಿಂಗನ್ನೂ ಎರರ್ ಮಾಡುವ -ಡಬ್ಲ್ಯೂಎರರ್ ಅದಕ್ಕೆ ಉಲ್ಟಾ: ಕಾನ್ಫಿಗರ್‌ಗೆ ಅದನ್ನು ಕೊಡಲೇಬೇಡಿ, ಚಿಕ್ಕ ವಾರ್ನಿಂಗಿಗೂ ಪರೀಕ್ಷೆ ಫೇಲ್ ಆಗುತ್ತದೆ. ಮೇಕ್‌ಗೆ ಮಾತ್ರ ಕೊಡಿ.

ಆಯ್ಕೆ ಕೊಟ್ಟೆ, ತಲುಪಿತೇ?

ಈಗ ಜಿಸಿಸಿ 15ರ ಕಡೆ. -ಎಸ್‌ಟಿಡಿ=ಗ್ನು17 ಎಂದು ಗಟ್ಟಿಯಾಗಿ ಕಟ್ಟಿಹಾಕುವುದು ನಾಚಿಕೆಯ ವಿಷಯವೇನಲ್ಲ. ನಿಜ ಹೇಳಬೇಕೆಂದರೆ, ಯಾವ ಸ್ಟ್ಯಾಂಡರ್ಡ್ ಎಂದು ಬರೆಯದೆ ಕಂಪೈಲರಿನ ಡಿಫಾಲ್ಟಿಗೆ ಬಿಟ್ಟದ್ದೇ ತಪ್ಪು. ಲಿನಕ್ಸ್ ಕರ್ನಲ್ 2014ರಿಂದ ತನ್ನ ಸ್ಟ್ಯಾಂಡರ್ಡನ್ನು ತಾನೇ ಹೇಳುತ್ತದೆ, 5.18ರಿಂದ ಅದು ಗ್ನು11. ಆದರೂ ಜಿಸಿಸಿ 15 ಬಂದಾಗ ಅದರ ಎಕ್ಸ್86 ಬೂಟ್ ಭಾಗ ಕಂಪೈಲ್ ಆಗಲಿಲ್ಲ. ಆ ಡೈರೆಕ್ಟರಿಯ ಮೇಕ್‌ಫೈಲ್ ಮುಖ್ಯ ಆಯ್ಕೆಗಳನ್ನು ಅಳಿಸಿ ತನ್ನದೇ ಪಟ್ಟಿ ಕಟ್ಟುತ್ತದೆ, ಆ ಪಟ್ಟಿಯಲ್ಲಿ ಸ್ಟ್ಯಾಂಡರ್ಡ್ ಇರಲಿಲ್ಲ. ಫಾಲ್ಸ್ ಎಂಬುದನ್ನು ಎನಮ್ ಒಳಗೆ ಹೆಸರಾಗಿ ಬಳಸುವಂತಿಲ್ಲ ಎಂದು ಕಂಪೈಲರ್ ನಿಂತುಬಿಟ್ಟಿತು. ಪ್ಯಾಚ್ ಎಂದರೆ ಅದೇ ಆಯ್ಕೆಯನ್ನು ಅಲ್ಲೂ ಸೇರಿಸಿದ್ದು, ಅಷ್ಟೇ.

ನಿಮ್ಮ ಪ್ರಾಜೆಕ್ಟಿನಲ್ಲೂ ಇಂಥ ಮೂಲೆಗಳಿರುತ್ತವೆ. ಕಂಪೈಲರ್ ಆಯ್ಕೆಗಳ ವೇರಿಯಬಲ್ ಆದ ಸಿಫ್ಲ್ಯಾಗ್ಸ್ ಅನ್ನು ಕಡೆಗಣಿಸುವ ಮೇಕ್‌ಫೈಲ್ ಇದ್ದರೆ ಕಂಪೈಲರ್ ಹೆಸರು ಇರುವ ಸಿಸಿ ವೇರಿಯಬಲ್ಲಿಗೇ "ಜಿಸಿಸಿ -ಎಸ್‌ಟಿಡಿ=ಗ್ನು17" ಎಂದು ಪೂರ್ತಿ ಕೊಡಿ, ಅದು ತಪ್ಪಿಸಿಕೊಳ್ಳುವುದು ಕಷ್ಟ. ಸಿಮೇಕ್‌ನಲ್ಲಿ ಕಂಪೈಲ್ ಫೀಚರ್ಸ್ ಮೂಲಕ "ಸಿ ಎಸ್‌ಟಿಡಿ 11" ಎಂದು ಕೇಳಿದರೆ ಅದರ ಅರ್ಥ "ಕನಿಷ್ಠ 11". ಜಿಸಿಸಿ 15ರಲ್ಲಿ ಡಿಫಾಲ್ಟ್ 23 ಸಾಕಾಗುತ್ತದಲ್ಲ ಎಂದು ಅದು ಸುಮ್ಮನಿರುತ್ತದೆ. ಇಂತಿಷ್ಟೇ ಬೇಕು ಎನ್ನುವುದಾದರೆ ಸಿಮೇಕ್ ಸಿ ಸ್ಟ್ಯಾಂಡರ್ಡ್ ವೇರಿಯಬಲ್ಲಿಗೆ 17 ಇಡಿ. ಮೆಸನ್ ಎಂಬ ಬಿಲ್ಡ್ ವ್ಯವಸ್ಥೆಯಲ್ಲಿ ಪ್ರಾಜೆಕ್ಟಿನ ಡಿಫಾಲ್ಟ್ ಆಯ್ಕೆಗಳಲ್ಲಿ ಸಿ ಎಸ್‌ಟಿಡಿಗೆ ಗ್ನು17 ಬರೆದರೆ ಸಾಕು.

ಬೂಲ್ ತಿದ್ದುವಾಗ

ಸಿ23ಕ್ಕೆ ನಿಜವಾಗಿ ಹೋಗುವುದಾದರೆ ಮೊದಲ ಕಲ್ಲು ಬೂಲ್. 90ರ ದಶಕದ ಕೋಡಿನಲ್ಲಿ ಎಲ್ಲರೂ ತಂತಮ್ಮ ಬೂಲ್ ಮಾಡಿಕೊಂಡಿದ್ದಾರೆ: ಟೈಪ್‌ಡೆಫ್ ಇಂಟ್ ಬೂಲ್, ಅಥವಾ ಟೈಪ್‌ಡೆಫ್ ಅನ್‌ಸೈನ್ಡ್ ಚಾರ್ ಬೂಲ್. ಜಿಸಿಸಿ 15 ಅದನ್ನು ಒಪ್ಪುವುದಿಲ್ಲ. ಆ ಸಾಲು ಅಳಿಸಿ ಎಸ್‌ಟಿಡಿಬೂಲ್ ಹೆಡರ್ ಸೇರಿಸಿದರೆ ಎರರ್ ಹೋಗುತ್ತದೆ, ಸಿ99ರಿಂದ ಸಿ23ರವರೆಗೆ ಎಲ್ಲೆಡೆ ನಡೆಯುತ್ತದೆ. ಎಲ್ಲರೂ ಹೀಗೇ ಮಾಡುವುದು, ಸರಿಯೂ ಹೌದು. ಆದರೆ ಇದು ಬರೀ ಹೆಸರಿನ ಬದಲಾವಣೆ ಅಲ್ಲ.

ಅನ್‌ಸೈನ್ಡ್ ಚಾರ್ ಬೂಲ್ ಇದ್ದ ಕಡೆ ಬಿ = ಫ್ಲ್ಯಾಗ್ಸ್ & 0ಎಕ್ಸ್100 ಎಂದು ಬರೆದಿದ್ದರೆ, 256 ಎಂಬ ಬೆಲೆ 8 ಬಿಟ್‌ಗೆ ಕತ್ತರಿಸಿ ಬಿ ಸದಾ ಸೊನ್ನೆ. ನಿಜವಾದ ಬೂಲ್‌ನಲ್ಲಿ ಸೊನ್ನೆಯಲ್ಲದ್ದೆಲ್ಲ ಒಂದು. ಅಂದರೆ ಇಪ್ಪತ್ತು ವರ್ಷ ಒಮ್ಮೆಯೂ ಓಡದ ಇಫ್ ಬ್ಲಾಕ್ ಈಗ ಓಡತೊಡಗುತ್ತದೆ. ಇಂಟ್ ಬೂಲ್ ಇದ್ದ ಕಡೆ ಇನ್ನೊಂದು ಚಾಳಿ: ಟ್ರೂ, ಫಾಲ್ಸ್ ಜೊತೆಗೆ "ಗೊತ್ತಿಲ್ಲ" ಎನ್ನಲು -1 ಹಿಂದಿರುಗಿಸುವುದು. ನಿಜವಾದ ಬೂಲ್‌ನಲ್ಲಿ -1 ಕೂಡ ಒಂದಾಗುತ್ತದೆ. ಕರೆದವರು -1ಕ್ಕೆ ಹೋಲಿಸಿದರೆ ಎಂದೂ ಹೊಂದದು, "ಗೊತ್ತಿಲ್ಲ" ಎಂಬುದು "ಟ್ರೂ" ಆಗಿಬಿಡುತ್ತದೆ. ಹಾಗಾಗಿ ತಿದ್ದುವ ಮುನ್ನ ಬೂಲ್ ಹಿಂದಿರುಗಿಸುವ ಫಂಕ್ಷನ್‌ಗಳಲ್ಲಿ ರಿಟರ್ನ್ -1 ಇದೆಯೇ ಎಂದು ಹುಡುಕಿ. ಇದ್ದರೆ ಅದರ ಟೈಪ್ ಇಂಟ್ ಆಗಲಿ.

ಗಾತ್ರದ್ದು ಬೇರೆ ತೊಂದರೆ. ಇಂಟ್ 4 ಬೈಟ್, ಜಿಸಿಸಿಯ ಬೂಲ್ 1 ಬೈಟ್. ಸ್ಟ್ರಕ್ಟ್ ಒಳಗೆ ಬೂಲ್ ಇದ್ದು, ಆ ಸ್ಟ್ರಕ್ಟನ್ನು ಫೈಲಿಗೆ ಹಾಗೇ ಬರೆಯುತ್ತಿದ್ದರೆ ಹಳೆಯ ಫೈಲ್‌ಗಳನ್ನು ಓದಲಾಗುವುದಿಲ್ಲ. ಲೈಬ್ರರಿಯ ಹೆಡರಿನಲ್ಲಿದ್ದರೆ ಹಳೆಯದಾಗಿ ಕಂಪೈಲ್ ಆದ ಪ್ರೋಗ್ರಾಂಗೂ ಹೊಸ ಲೈಬ್ರರಿಗೂ ಫೀಲ್ಡ್‌ಗಳ ಜಾಗ ಹೊಂದುವುದಿಲ್ಲ. ಇಂಥ ಕಡೆ ಆ ಟೈಪಿಗೆ ನಿಮ್ಮ ಲೈಬ್ರರಿಯ ಹೆಸರಿನ ಮುಂಗುರುತು ಹಾಕಿ ಬೇರೆ ಹೆಸರು ಕೊಡಿ, ಗಾತ್ರ ಮುಟ್ಟಬೇಡಿ, ಸ್ಟ್ಯಾಟಿಕ್ ಅಸರ್ಟ್ ಹಾಕಿ ಗಾತ್ರವನ್ನು ಕಾಯಿರಿ.

ಖಾಲಿ ಆವರಣ

ಹಳೆಯ ಸಿಯಲ್ಲಿ ಇಂಟ್ ಎಫ್() ಎಂದರೆ "ಆರ್ಗ್ಯುಮೆಂಟ್ ಎಷ್ಟೋ ಏನೋ ಹೇಳುವುದಿಲ್ಲ". ಸಿ23ರಲ್ಲಿ ಅದಕ್ಕೆ ಸಿ++ನಂತೆ "ಆರ್ಗ್ಯುಮೆಂಟೇ ಇಲ್ಲ" ಎಂದರ್ಥ. ಸುಲಭದ್ದು ಸಿಗ್ನಲ್ ಹ್ಯಾಂಡ್ಲರ್: ವಾಯ್ಡ್ ಹ್ಯಾಂಡ್ಲರ್() ಎಂದಿದ್ದಲ್ಲಿ ಇಂಟ್ ಸಿಗ್ ಸೇರಿಸಿದರೆ ಮುಗಿಯಿತು. ಕಷ್ಟದ್ದು ಕಮಾಂಡ್ ಟೇಬಲ್. ಸ್ಟ್ರಕ್ಟ್ ಒಳಗೆ ಇಂಟ್ (*ಎಫ್‌ಎನ್)() ಎಂಬ ಪಾಯಿಂಟರ್, ಅದರಲ್ಲಿ ಒಂದು ಸಾಲಿಗೆ ಒಂದು ಆರ್ಗ್ಯುಮೆಂಟಿನ ಫಂಕ್ಷನ್, ಇನ್ನೊಂದಕ್ಕೆ ಮೂರು. ಎಲ್ಲಕ್ಕೂ ಒಂದೇ ಪ್ರೋಟೋಟೈಪ್ ತರುವುದೇ ಬಾಳಿಕೆಯ ದಾರಿ, ಸಾಮಾನ್ಯವಾಗಿ ಆರ್ಗ್‌ಸಿ ಮತ್ತು ಆರ್ಗ್‌ವಿ ಜೋಡಿ. ಅದಾಗದಿದ್ದರೆ ಪ್ರತಿ ರೂಪಕ್ಕೂ ಒಂದೊಂದು ಪಾಯಿಂಟರ್ ಇರುವ ಯೂನಿಯನ್. ಸಿಕ್ಕ ಟೈಪಿಗೆ ಕಾಸ್ಟ್ ಮಾಡಿ ಬೇರೆ ಟೈಪಿನಿಂದ ಕರೆಯುವುದು ಇಂಟೆಲ್ ಯಂತ್ರದಲ್ಲಿ ಹೆಚ್ಚಾಗಿ ನಡೆದರೂ ಭಾಷೆಯ ಪ್ರಕಾರ ಅದಕ್ಕೆ ಗ್ಯಾರಂಟಿ ಇಲ್ಲ.

ಕೆ ಆ್ಯಂಡ್ ಆರ್ ಶೈಲಿಯ ಫಂಕ್ಷನ್‌ಗಳನ್ನು, ಅಂದರೆ ಆವರಣದೊಳಗೆ ಹೆಸರು ಮಾತ್ರ ಬರೆದು ಟೈಪ್ ಕೆಳಗೆ ಬರೆದವನ್ನು, ಸಿ23 ಪೂರ್ತಿ ಕೈಬಿಟ್ಟಿದೆ. ಪರಿವರ್ತಿಸುವಾಗ ಫ್ಲೋಟ್, ಚಾರ್, ಶಾರ್ಟ್ ಪ್ಯಾರಾಮೀಟರ್ ಇರುವವನ್ನು ಬೇರೆ ಇಟ್ಟುಕೊಳ್ಳಿ. ಹಳೆಯ ಶೈಲಿಯಲ್ಲಿ ಫ್ಲೋಟ್ ಎಂದು ಬರೆದರೂ ಕರೆಯುವವರು ಕಳಿಸುವುದು ಡಬಲ್, ಫಂಕ್ಷನ್ ಪಡೆಯುವುದೂ ಡಬಲ್. ಪ್ರೋಟೋಟೈಪಿನಲ್ಲಿ ಫ್ಲೋಟ್ ಎಂದು ಬರೆದ ಕ್ಷಣ ಫಂಕ್ಷನ್ 4 ಬೈಟಿನ ಫ್ಲೋಟ್ ಎದುರು ನೋಡುತ್ತದೆ. ಪ್ರೋಟೋಟೈಪ್ ನೋಡದ ಒಂದೇ ಒಂದು ಫೈಲ್ ಎಲ್ಲೋ ಉಳಿದು, ಗ್ನು17ರಲ್ಲಿ ಕಂಪೈಲ್ ಆಗುತ್ತಿದ್ದರೆ, ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸಂಖ್ಯೆ ಮಾತ್ರ ಕಸ. ಇಂಥವಕ್ಕೆ ಪ್ರೋಟೋಟೈಪಿನಲ್ಲೂ ಡಬಲ್ ಎಂದೇ ಬರೆಯುವುದು ಕ್ಷೇಮ. -ಡಬ್ಲ್ಯೂಸ್ಟ್ರಿಕ್ಟ್-ಪ್ರೋಟೋಟೈಪ್ಸ್ ಮತ್ತು -ಡಬ್ಲ್ಯೂಓಲ್ಡ್-ಸ್ಟೈಲ್-ಡೆಫಿನಿಶನ್ ಹಾಕಿದರೆ ಹಳೆಯ ಜಿಸಿಸಿಯಲ್ಲೇ ಇವೆಲ್ಲದರ ಪಟ್ಟಿ ಸಿಗುತ್ತದೆ, ಅಪ್‌ಗ್ರೇಡ್‌ಗೆ ಕಾಯಬೇಕಿಲ್ಲ.

ಕಂಪೈಲರ್ ಅರ್ಧ, ಲೈಬ್ರರಿ ಅರ್ಧ

ಉಲ್ಟಾ ದಿಕ್ಕಿನ ಬಗ್ಗೆ, ಅಂದರೆ ಹೊಸ ಸಿ23 ಕೋಡನ್ನು ಹಳೆಯ ಯಂತ್ರಕ್ಕೆ ಒಯ್ಯುವ ಬಗ್ಗೆ, ಚುಟುಕಾಗಿ. ಜಿಸಿಸಿ 13ಕ್ಕೆ ಸಿ23 ಎಂಬ ಹೆಸರು ಗೊತ್ತಿಲ್ಲ, ಸಿ2ಎಕ್ಸ್ ಎನ್ನಬೇಕು. ಆಗ ಅದರ ವರ್ಶನ್ ಮ್ಯಾಕ್ರೋ 202000 ಎನ್ನುತ್ತದೆ, ಆದ್ದರಿಂದ ಕೋಡಿನಲ್ಲಿ 202311ಕ್ಕೆ ಸಮವೇ ಎಂದು ನೋಡದೆ 201710ಕ್ಕಿಂತ ಹೆಚ್ಚೇ ಎಂದು ನೋಡಿ. ಕಾನ್ಸ್‌ಟ್‌ಎಕ್ಸ್‌ಪಿಆರ್, ನಲ್‌ಪಿಟಿಆರ್ ಜಿಸಿಸಿ 13ರಲ್ಲೇ ಇವೆ. ಫೈಲನ್ನು ಕೋಡಿನೊಳಗೇ ಸೇರಿಸುವ ಎಂಬೆಡ್ ಬೇಕಾದರೆ ಜಿಸಿಸಿ 15 ಅಥವಾ ಕ್ಲಾಂಗ್ 19. ಹೆಡರ್‌ಗಳ ಕಥೆ ಇನ್ನೂ ಮಜಾ: ಎಸ್‌ಟಿಡಿಸಿಕೆಡಿಇಂಟ್ ಹೆಡರ್ ಕಂಪೈಲರ್ ಜೊತೆ ಬರುತ್ತದೆ, ಎಸ್‌ಟಿಡಿಬಿಟ್ ಹೆಡರ್ ಜಿಲಿಬ್‌ಸಿ 2.39ರ ಜೊತೆ. ಹೊಸ ಕಂಪೈಲರ್ ಹಾಕಿಕೊಂಡು ಹಳೆಯ ಡಿಸ್ಟ್ರೋದಲ್ಲೇ ಇದ್ದರೆ ಮೊದಲನೆಯದು ಸಿಗುತ್ತದೆ, ಎರಡನೆಯದು ಇಲ್ಲ. ಹೆಡರ್ ಇದೆಯೇ ಎಂದು ನೋಡುವ ಹ್ಯಾಸ್ ಇನ್‌ಕ್ಲೂಡ್ ಎಂಬ ಪರೀಕ್ಷೆ ಇರುವುದೇ ಇದಕ್ಕೆ.

ಕೊನೆಯದಾಗಿ, ಬಿಲ್ಡ್ ಆಗಿ, ಟೆಸ್ಟ್ ಪಾಸಾಗಿ, ಗ್ರಾಹಕರ ಯಂತ್ರದಲ್ಲಿ ಮಾತ್ರ ಓಡದ ಪ್ರಸಂಗ. ಸಿ23ರಲ್ಲಿ ಸ್ಟ್ರಿಂಗನ್ನು ಸಂಖ್ಯೆ ಮಾಡುವ ಎಸ್‌ಟಿಆರ್‌ಟಾಲ್ 0ಬಿ101 ಎಂಬಂಥ ಬೈನರಿ ಬರಹವನ್ನು ಓದಬೇಕು, ಬೇಸ್ 0 ಅಥವಾ 2 ಕೊಟ್ಟಾಗ. ಹಳೆಯದು ಮೊದಲ ಸೊನ್ನೆ ಓದಿ ಬಿ ಹತ್ತಿರ ನಿಲ್ಲುತ್ತಿತ್ತು. ಹೊಸದು 5 ಕೊಡುತ್ತದೆ. ಹಳೆಯ ಪ್ರೋಗ್ರಾಂಗಳು ಕೆಡದಿರಲೆಂದು ಜಿಲಿಬ್‌ಸಿ 2.38 ಹೊಸ ನಡವಳಿಕೆಗೆ ಐಎಸ್‌ಓಸಿ23 ಎಸ್‌ಟಿಆರ್‌ಟಾಲ್ ಎಂಬ ಬೇರೆ ಸಿಂಬಲ್ ಮಾಡಿ, ಹೆಡರ್ ಮೂಲಕ ಕರೆಗಳನ್ನು ಅತ್ತ ತಿರುಗಿಸಿತು. ಉಬುಂಟು 24.04ರಲ್ಲಿ ಬಿಲ್ಡ್ ಮಾಡಿದ ಬೈನರಿಯನ್ನು 22.04ರಲ್ಲಿ ಓಡಿಸಿದರೆ "ಜಿಲಿಬ್‌ಸಿ 2.38 ನಾಟ್ ಫೌಂಡ್" ಎಂದು ಬರಲು ಇದು ದೊಡ್ಡ ಕಾರಣ, 22.04ರಲ್ಲಿರುವುದು 2.35. ಗಮನಿಸಿ, ಗ್ನು17 ಕಟ್ಟಿದ್ದರೂ ಗ್ನು ಸೋರ್ಸ್ ಮ್ಯಾಕ್ರೋ ಡಿಫೈನ್ ಆಗಿದ್ದರೆ ಇದೇ ಆಗುತ್ತದೆ, ಆ ಮ್ಯಾಕ್ರೋ ಸಿ23ರ ಲೈಬ್ರರಿ ಭಾಗವನ್ನೂ ತೆರೆಯುತ್ತದೆ. ಬೈನರಿಯ ಮೇಲೆ ಆಬ್ಜ್‌ಡಂಪ್ -ಟಿ ಓಡಿಸಿ (ಟಿ ದೊಡ್ಡಕ್ಷರ) ಅದರಲ್ಲಿ 2.38 ಗ್ರೆಪ್ ಮಾಡಿದರೆ ಯಾವ ಸಿಂಬಲ್‌ಗಳು ಎಂದು ತಿಳಿಯುತ್ತದೆ. ಕಂಪೈಲರ್ ಆಯ್ಕೆಗಳ ಜೊತೆ ಗುದ್ದಾಡುವುದಕ್ಕಿಂತ, ನೀವು ಬೆಂಬಲಿಸುವ ಡಿಸ್ಟ್ರೋಗಳಲ್ಲಿ ಅತ್ಯಂತ ಹಳೆಯದರ ಕಂಟೇನರಿನಲ್ಲಿ ಬಿಡುಗಡೆಯ ಬಿಲ್ಡ್ ಮಾಡಿ. ಹೊಸ ಜಿಸಿಸಿಯ ಬಿಲ್ಡನ್ನು ಸಿಐನಲ್ಲಿ (ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆ) ಪಕ್ಕದ ಜಾಬ್ ಆಗಿ, ಒಮ್ಮೆ ಗ್ನು17, ಒಮ್ಮೆ ಗ್ನು23 ಕೊಟ್ಟು ಓಡಿಸುತ್ತಿರಿ.